120 ಹರ್ಟ್ಸ್‌ಗೆ ಮರುಳಾಗುವ ಮೊದಲು

ಪುಟ್ಟೀ, ಹೊಸ ಮನೆಗೆ ಟಿವಿ ತರಬೇಕು, 60 ಹರ್ಟ್ಸ್ ಸಾಕೋ 120 ಹರ್ಟ್ಸ್ ಬೇಕೋ ಎಂದು ಕೇಳಿದ್ದೀಯ. ಅಂಗಡಿಯವನು "ಸಿನಿಮಾ ನೋಡೋರಿಗೆ 120 ಇಲ್ದಿದ್ರೆ ಫೈಟ್ ಸೀನೆಲ್ಲ ಬ್ಲರ್ ಆಗುತ್ತೆ ಮೇಡಂ" ಎಂದು ಹೆದರಿಸಿದನಂತೆ. ಬೆಲೆಯ ಅಂತರ ಕೇಳಿ ಅಳಿಯಂದಿರು ಸುಮ್ಮನಾದರಂತೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ನಿನಗೆ ಕಾಣುವ ಮಸುಕನ್ನು 120 ಹರ್ಟ್ಸ್ ತೆಗೆಯುವುದಿಲ್ಲ. ತೆಗೆದ ಹಾಗೆ ಕಂಡರೆ ಅದು ಟಿವಿ ತಾನೇ ಹುಟ್ಟಿಸಿ ಸೇರಿಸಿದ ಚಿತ್ರಗಳ ಕೆಲಸ, ಆ ವ್ಯವಹಾರವೇ ಬೇರೆ. 120ಕ್ಕೆ ದುಡ್ಡು ಕೊಡಲು ಒಳ್ಳೆಯ ಕಾರಣವೊಂದು ಇದೆ. ಆ ಕಾರಣಕ್ಕೆ ಬೇಕಾದರೆ ಕೊಡು, ಅಂಗಡಿಯವನು ಹೇಳಿದ ಕಾರಣಕ್ಕೆ ಬೇಡ.

ದೊಡ್ಡಪ್ಪ ಟಾಕೀಸಿನಲ್ಲಿ ರೀಲು ಓಡಿಸಿದವರು, ಅವರಿಗೆ ಎಲ್‌ಇಡಿ ಓಎಲ್‌ಇಡಿ ಏನು ಗೊತ್ತು ಎಂದು ಅಳಿಯಂದಿರು ಮನಸ್ಸಿನಲ್ಲೇ ಅಂದುಕೊಳ್ಳಬಹುದು. ಅಂದುಕೊಳ್ಳಲಿ. ಪರದೆ ಬದಲಾಗಿದೆಯೇ ಹೊರತು ಸಿನಿಮಾದ ಲೆಕ್ಕ ಬದಲಾಗಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂದಾಗ ಸೆಕೆಂಡಿಗೆ 24 ಫ್ರೇಮ್ ಓಡುತ್ತಿತ್ತು. ನೀನು ನೆಟ್‌ನಲ್ಲಿ ಹಾಕಿಕೊಂಡು ನೋಡುವ ಹೊಸ ಸಿನಿಮಾವೂ ಓಡುವುದು ಅದೇ 24ರಲ್ಲಿ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾದವನು ಕೈಯಲ್ಲಿ ಹಿಡಿ ತಿರುಗಿಸುತ್ತಿದ್ದ. ವೇಗ ಒಂದಿಷ್ಟು ಆಚೀಚೆ ಆದರೂ ಯಾರೂ ಕೇಳುತ್ತಿರಲಿಲ್ಲ. ಮಾತು ಬಂದ ಮೇಲೆ ಆ ಆಟ ನಡೆಯಲಿಲ್ಲ. ಶಬ್ದದ ಪಟ್ಟಿ ಫಿಲಂನ ಅಂಚಿನಲ್ಲೇ ಇರುತ್ತದೆ, ವೇಗ ತಪ್ಪಿದರೆ ನಾಯಕನ ದನಿ ಕೀರಲಾಗುತ್ತದೆ ಇಲ್ಲವೇ ಗೊಗ್ಗರಾಗುತ್ತದೆ. ಹಾಗಾಗಿ 1920ರ ದಶಕದ ಕೊನೆಗೆ ಹಾಲಿವುಡ್‌ನವರು 24 ಎಂದು ಗೂಟ ಹೊಡೆದರು. ನಿಮಿಷಕ್ಕೆ 90 ಅಡಿ ಫಿಲಂ. 2,000 ಅಡಿಯ ರೀಲು 22 ನಿಮಿಷಕ್ಕೆ ಖಾಲಿ. ಶಬ್ದಕ್ಕೆ ಸಾಕಾಗುವಷ್ಟು ವೇಗ, ಫಿಲಂ ಖರ್ಚು ಮೈಮೇಲೆ ಬರದಷ್ಟು ನಿಧಾನ. ಕಣ್ಣಿಗೆ ಇದೇ ಶ್ರೇಷ್ಠ ಎಂದು ಯಾರೂ ಕಂಡುಹಿಡಿದದ್ದಲ್ಲ, ಖರ್ಚು ನೋಡಿಕೊಂಡು ಮಾಡಿಕೊಂಡ ಒಪ್ಪಂದ. ಆದರೆ ತೊಂಬತ್ತು ವರ್ಷ ಅದನ್ನೇ ನೋಡಿ ನೋಡಿ, ಸಿನಿಮಾ ಎಂದರೆ ಹೀಗೇ ಕಾಣಬೇಕು ಎಂದು ನಮ್ಮ ಕಣ್ಣು ಪಳಗಿಬಿಟ್ಟಿದೆ.

ಪ್ರೊಜೆಕ್ಟರಿನಲ್ಲಿ ಫಿಲಂ ನೀರಿನ ಹಾಗೆ ಒಂದೇ ಸಮನೆ ಹರಿಯುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಲೆನ್ಸಿನ ಎದುರು ಅದು ನಿಂತು ನಿಂತು ಓಡುತ್ತದೆ ಕಣಮ್ಮ. ಮಾಲ್ಟೀಸ್ ಕ್ರಾಸ್ ಎಂಬ ನಾಲ್ಕು ಸೀಳಿನ ಉಕ್ಕಿನ ಬಿಲ್ಲೆಯೊಂದು ಇದೆ. ಅದು ಗಕ್ಕನೆ ಕಾಲು ಸುತ್ತು ತಿರುಗಿ ಒಂದು ಫ್ರೇಮನ್ನು ಕೆಳಗೆ ಎಳೆದು ನಿಲ್ಲಿಸುತ್ತದೆ, ಮತ್ತೆ ಎಳೆಯುತ್ತದೆ, ನಿಲ್ಲಿಸುತ್ತದೆ. ಎಳೆಯುವ ಹೊತ್ತಿಗೆ ಸರಿಯಾಗಿ ಶಟರ್‌ನ ರೆಕ್ಕೆ ಬೆಳಕಿಗೆ ಅಡ್ಡ ಬರುತ್ತದೆ. ಅಷ್ಟೇ ಅಲ್ಲ, ಫ್ರೇಮು ಸುಮ್ಮನೆ ನಿಂತಿರುವಾಗಲೂ ನಡುವೆ ಇನ್ನೊಂದು ರೆಕ್ಕೆ ಅಡ್ಡ ಬಂದು ಹೋಗುತ್ತದೆ. ಸೆಕೆಂಡಿಗೆ 24 ಸಲ ಮಾತ್ರ ಬೆಳಕು ಹೋಗಿ ಬಂದರೆ ಪರದೆ ಮಿಣುಕುವುದು ಕಣ್ಣಿಗೆ ಕುಕ್ಕುತ್ತದೆ, 48 ಸಲವಾದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೂರು ರೆಕ್ಕೆಯ ಶಟರ್ ಇದ್ದರೆ 72. ಈ ಶಟರ್ ಒಂದಿಷ್ಟು ಲಯ ತಪ್ಪಿದರೂ ಟೈಟಲ್ ಕಾರ್ಡಿನ ಬಿಳಿ ಅಕ್ಷರಗಳಿಗೆ ಮೇಲಕ್ಕೋ ಕೆಳಕ್ಕೋ ಬಿಳಿ ಬಾಲ ಹುಟ್ಟುತ್ತಿತ್ತು. ಫಿಲಂ ಇನ್ನೂ ಚಲಿಸುತ್ತಿರುವಾಗಲೇ ಬೆಳಕು ಬಿದ್ದುಬಿಟ್ಟಿದೆ ಎಂದು ಅರ್ಥ. ಕೂದಲೆಳೆಯಷ್ಟು ತಿರುಗಿಸಿ ಲಯಕ್ಕೆ ತಂದರೆ ಬಾಲ ಮಾಯ. ಮೊದಲ ರೀಲಿನ ಟೈಟಲ್ ಮುಗಿಯುವುದರೊಳಗೆ ಇದನ್ನು ಸರಿಮಾಡದ ಆಪರೇಟರನಿಗೆ ಗಾಂಧಿ ಕ್ಲಾಸಿನಿಂದ ಮಂಗಳಾರತಿ ತಪ್ಪುತ್ತಿರಲಿಲ್ಲ. ಒಟ್ಟಿನಲ್ಲಿ ಎರಡೂವರೆ ಗಂಟೆಯ ಸಿನಿಮಾದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಜನ ದುಡ್ಡು ಕೊಟ್ಟು ನೋಡುತ್ತಿದ್ದದ್ದು ಬರೀ ಕತ್ತಲೆ.

ನಿನ್ನ ಪ್ರಶ್ನೆಯ ಬೇರು ಇಲ್ಲೇ ಇದೆ. 24 ಎನ್ನುವುದು ಸಿನಿಮಾದ ಲೆಕ್ಕ, 48 ಪ್ರೊಜೆಕ್ಟರಿನ ಲೆಕ್ಕ. 48 ಸಲ ಬೆಳಕು ಬಿದ್ದರೂ ಹೊಸ ಚಿತ್ರ ಬಂದದ್ದು 24 ಮಾತ್ರ. ಟಿವಿಯ ಹರ್ಟ್ಸ್ ಈ ಎರಡನೆಯ ಜಾತಿಯದು. 60 ಇರಲಿ, 120 ಇರಲಿ, ಪರದೆ ಅಷ್ಟು ಸಲ ಚಿತ್ರ ಬಿಡಿಸುತ್ತದೆ ಎಂದಷ್ಟೇ ಅದರರ್ಥ. ಬಿಡಿಸಲು ಹೊಸ ಚಿತ್ರ ಇಲ್ಲದಿದ್ದರೆ ಹಳೆಯದನ್ನೇ ಮತ್ತೆ ಬಿಡಿಸುತ್ತದೆ. 120 ಹರ್ಟ್ಸ್ ಟಿವಿ ಸಿನಿಮಾದ ಒಂದೊಂದು ಫ್ರೇಮನ್ನೂ ಐದೈದು ಸಲ ತೋರಿಸುತ್ತದೆ. ಐದು ಸಲ ತೋರಿಸಿದ ಮಾತ್ರಕ್ಕೆ ಮಸುಕಾಗಿ ಬಂದ ಕೈ ಸ್ಪಷ್ಟವಾಗುತ್ತದೆಯೇ?

ಮಸುಕು ಎಲ್ಲಿಂದ ಬಂತು ಎಂದು ತಿಳಿಯಲು ರಿಮೋಟಿನ ಪಾಸ್ ಬಟನ್ ಸಾಕು. ಫೈಟ್ ಸೀನಿನಲ್ಲಿ ಕೈ ಬೀಸುವಾಗ ನಿಲ್ಲಿಸಿ ನೋಡು. ಮುಷ್ಟಿ ಇರುವ ಕಡೆ ಹೊಗೆಯಂಥ ಒಂದು ಪಟ್ಟೆ ಕಾಣುತ್ತದೆ. ನಿಂತ ಚಿತ್ರದಲ್ಲೂ ಮಸುಕು ಇದೆ ಎಂದಮೇಲೆ ಅದು ಕ್ಯಾಮೆರಾದಿಂದಲೇ ಬಂದದ್ದು. ಸಾಮಾನ್ಯವಾಗಿ ಸಿನಿಮಾ ಕ್ಯಾಮೆರಾ ಒಂದು ಫ್ರೇಮಿಗೆ ಸೆಕೆಂಡಿನ 48ನೆಯ ಒಂದು ಭಾಗದಷ್ಟು ಹೊತ್ತು ಕಣ್ಣು ತೆರೆದಿರುತ್ತದೆ. ಅಷ್ಟರಲ್ಲಿ ಕೈ ಎಷ್ಟು ದೂರ ಹೋಯಿತೋ ಅಷ್ಟೂ ಚಿತ್ರದಲ್ಲಿ ಬಳಿದುಹೋಗುತ್ತದೆ. ಕ್ಯಾಮೆರಾದವರು ಅದನ್ನು ಬೇಕೆಂದೇ ಹಾಗೆ ಇಟ್ಟಿರುತ್ತಾರೆ. ಆ ಬಳಿತ ಇಲ್ಲದಿದ್ದರೆ 24 ಚಿತ್ರಗಳ ನಡುವಿನ ಸಂದು ಎದ್ದು ಕಾಣುತ್ತದೆ, ಓಡುವವನು ಟಕಟಕ ಎಂದು ಕುಪ್ಪಳಿಸಿದ ಹಾಗೆ ಆಗುತ್ತದೆ. ಯುದ್ಧದ ಸಿನಿಮಾಗಳಲ್ಲಿ ಕೆಲವರು ಶಟರ್ ಹೊತ್ತನ್ನು ಕಡಿಮೆ ಮಾಡಿ ಬೇಕೆಂದೇ ಆ ಕುಪ್ಪಳಿಕೆ ತರುತ್ತಾರೆ. ಸ್ಟೀವನ್ ಸ್ಪೀಲ್‌ಬರ್ಗ್‌ನ 1998ರ 'ಸೇವಿಂಗ್ ಪ್ರೈವೇಟ್ ರಯಾನ್'ನ ಮೊದಲ ಕಾಳಗ ನೋಡು. ಸಿಡಿದ ಮಣ್ಣಿನ ಒಂದೊಂದು ಹರಳೂ ಬಿಡಿಬಿಡಿಯಾಗಿ ಕಾಣುತ್ತದೆ. ಅಲ್ಲಿ ಮಸುಕು ಕಡಿಮೆ, ಆದರೆ ನೋಡಲು ಹಿತ ಎಂದು ಯಾರೂ ಹೇಳುವುದಿಲ್ಲ. ಹೇಳಬಾರದು ಎಂದೇ ಹಾಗೆ ತೆಗೆದದ್ದು.

ಈಗ ಸಿನಿಮಾದ ಕೊನೆಯಲ್ಲಿ ಮೇಲಕ್ಕೆ ಏರುವ ಹೆಸರುಗಳಿಗೆ ಬಾ. ಓಡುವಾಗ ಅಕ್ಷರದ ಅಂಚು ಕರಗಿದ ಹಾಗೆ ಇರುತ್ತದೆ. ಪಾಸ್ ಒತ್ತಿದರೆ ಅಚ್ಚು ಹಾಕಿದಷ್ಟು ಸ್ಪಷ್ಟ. ಅಂದರೆ ಮಸುಕು ಚಿತ್ರದಲ್ಲಿ ಇಲ್ಲ, ನಿನ್ನ ಕಣ್ಣಿಗೂ ಪರದೆಗೂ ನಡುವೆ ಹುಟ್ಟುತ್ತಿದೆ. ಅಕ್ಷರ ಏರುವಾಗ ಕಣ್ಣು ಅದರ ಜೊತೆಯಲ್ಲೇ ಮೆತ್ತಗೆ ಏರುತ್ತದೆ, ನಿಲ್ಲುವುದಿಲ್ಲ. ಆದರೆ ಟಿವಿಯ ಚಿತ್ರ ಸೆಕೆಂಡಿನ 24ನೆಯ ಒಂದು ಭಾಗದವರೆಗೂ ಅಲ್ಲೇ ನಿಂತು, ಆಮೇಲೆ ಮುಂದಿನ ಜಾಗಕ್ಕೆ ಹಾರುತ್ತದೆ. ಓಡುವ ಕಣ್ಣಿನೊಳಗೆ ನಿಂತ ಚಿತ್ರ ಬಳಿದುಹೋಗುತ್ತದೆ. ಈಗಿನ ಎಲ್‌ಸಿಡಿ, ಓಎಲ್‌ಇಡಿ ಎಲ್ಲವೂ ಹೀಗೆ ಚಿತ್ರವನ್ನು ಹಿಡಿದು ನಿಲ್ಲಿಸುವ ಜಾತಿಯವು. ಹಿಂದಿನ ದಪ್ಪ ಟ್ಯೂಬಿನ ಟಿವಿ ಹಾಗಿರಲಿಲ್ಲ, ಅದರಲ್ಲಿ ಒಂದೊಂದು ಚುಕ್ಕೆಯೂ ಕ್ಷಣ ಹೊಳೆದು ಆರಿಹೋಗುತ್ತಿತ್ತು. ಅದಕ್ಕೇ ಹಳೆಯ ಟಿವಿಯಲ್ಲಿ ಕ್ರಿಕೆಟ್ ಚೆನ್ನಾಗಿ ಕಾಣುತ್ತಿತ್ತು ಎಂದು ನಮ್ಮ ವಯಸ್ಸಿನವರು ಹೇಳಿದರೆ ನಗಬೇಡ. ಆ ಮಾತು ನಿಜ. ಆ ಟಿವಿ ಮಿಣುಕಿ ಮಿಣುಕಿ ತಲೆನೋವು ತರುತ್ತಿತ್ತು ಎನ್ನುವುದೂ ಅಷ್ಟೇ ನಿಜ.

ಲೆಕ್ಕ ಹಾಕಿ ತೋರಿಸುತ್ತೇನೆ, ಅಳಿಯಂದಿರು ಇಂಜಿನಿಯರು ತಾನೇ. 55 ಇಂಚಿನ ಟಿವಿಯ ಅಗಲ ಸುಮಾರು 48 ಇಂಚು. ಒಂದು ಕಾರು ಆ ತುದಿಯಿಂದ ಈ ತುದಿಗೆ ಎರಡು ಸೆಕೆಂಡಿನಲ್ಲಿ ದಾಟಿತು ಎಂದುಕೋ. ಸೆಕೆಂಡಿಗೆ 24 ಇಂಚು, ಫ್ರೇಮಿಗೆ ಸರಿಯಾಗಿ ಒಂದು ಇಂಚು. ಕ್ಯಾಮೆರಾದ ಶಟರ್ ಅರ್ಧ ಹೊತ್ತು ತೆರೆದಿದ್ದರಿಂದ ಅರ್ಧ ಇಂಚಿನ ಮಸುಕು ಚಿತ್ರದಲ್ಲೇ ಕೂತಿದೆ. ಕಣ್ಣು ಕಾರನ್ನು ಹಿಂಬಾಲಿಸಿದರೆ ಹಿಡಿದು ನಿಲ್ಲಿಸಿದ್ದರ ಮಸುಕು ಒಂದು ಇಂಚು. ಇದು 60ರಲ್ಲೂ ಅಷ್ಟೇ, 120ರಲ್ಲೂ ಅಷ್ಟೇ. ಐದು ಸಲ ಬಿಡಿಸಿದರೂ ಅದೇ ಜಾಗದಲ್ಲಿ ಬಿಡಿಸಿದ್ದು ತಾನೇ. ಇದು ಗೊತ್ತಿರುವುದರಿಂದಲೇ ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುವಾಗ ಒಂದು ವಸ್ತು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಏಳು ಸೆಕೆಂಡಾದರೂ ಹಿಡಿಯಲಿ ಎಂಬ ರೂಢಿ ಛಾಯಾಗ್ರಾಹಕರಲ್ಲಿದೆ. ಅಷ್ಟು ನಿಧಾನವಾದರೆ ಫ್ರೇಮಿನಿಂದ ಫ್ರೇಮಿಗೆ ಕಾಲು ಇಂಚಿಗಿಂತ ಚೂರು ಹೆಚ್ಚಷ್ಟೇ ಜಿಗಿತ. ಈಚೆಗೆ ಬರುವ ಕೆಲವು ಸಿನಿಮಾಗಳಲ್ಲಿ ಡ್ರೋನ್ ಸಿಕ್ಕಿದೆ ಎಂದು ಗರಗರ ತಿರುಗಿಸಿಬಿಡುತ್ತಾರೆ. ಅದಕ್ಕೆ ಟಿವಿಯನ್ನು ಬೈದು ಪ್ರಯೋಜನವಿಲ್ಲ.

ಹಾಗಾದರೆ 120 ಯಾಕೆ? ಭಾಗಾಕಾರಕ್ಕೆ. 24ರಿಂದ 120 ಸರಿಯಾಗಿ ಭಾಗವಾಗುತ್ತದೆ, 60 ಆಗುವುದಿಲ್ಲ. 60 ಹರ್ಟ್ಸ್ ಪರದೆಯಲ್ಲಿ 24 ಫ್ರೇಮನ್ನು ತುಂಬಿಸಲು ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು ಎಂದು ತೋರಿಸಬೇಕಾಗುತ್ತದೆ. ಒಂದು ಚಿತ್ರ 50 ಮಿಲಿಸೆಕೆಂಡ್ ನಿಂತರೆ ಮುಂದಿನದು 33. ಒಂದು ಕಾಲು ಉದ್ದ ಒಂದು ಕಾಲು ಗಿಡ್ಡ ಇರುವವನ ನಡಿಗೆಯ ಹಾಗೆ ಚಿತ್ರ ಕುಂಟುತ್ತದೆ. ಮಾತಾಡುವ ಸೀನಿನಲ್ಲಿ ಇದು ಗೊತ್ತಾಗುವುದಿಲ್ಲ. ಕ್ಯಾಮೆರಾ ಮೆತ್ತಗೆ ಸರಿಯುವಾಗ, ಕೊನೆಯ ಹೆಸರುಗಳು ಏರುವಾಗ ಜರ್ಕ್ ಹೊಡೆಯುವುದು ಕಾಣುತ್ತದೆ. 120ರಲ್ಲಿ ಎಲ್ಲ ಫ್ರೇಮುಗಳೂ ಸಮನಾಗಿ 42 ಮಿಲಿಸೆಕೆಂಡಿನ ಹತ್ತಿರ ನಿಲ್ಲುತ್ತವೆ. ಕುಂಟು ಹೋಗುತ್ತದೆ, ಮಸುಕು ಉಳಿಯುತ್ತದೆ. ನಾನು ಹೇಳಿದ ಒಳ್ಳೆಯ ಕಾರಣ ಇದೇ. ಕೆಲವು 60 ಹರ್ಟ್ಸ್ ಟಿವಿಗಳೂ ಸಿನಿಮಾ ಬಂದಾಗ ತಾವೇ 48ಕ್ಕೆ ಇಳಿದು ಒಂದೊಂದನ್ನು ಎರಡೆರಡು ಸಲ ತೋರಿಸಿ ಈ ಕುಂಟನ್ನು ತಪ್ಪಿಸುತ್ತವೆ. ಅಂಥದ್ದು ಸಿಕ್ಕರೆ ಅರ್ಧ ಗೆದ್ದ ಹಾಗೆ.

ನಮ್ಮ ದೂರದರ್ಶನದ ಕಾಲದಲ್ಲಿ ಈ ಕುಂಟು ಇರಲಿಲ್ಲ, ಗೊತ್ತೇ? ಅಮೆರಿಕದವರ ಕರೆಂಟು 60 ಹರ್ಟ್ಸ್, ನಮ್ಮದು 50. ನಮ್ಮ ಟಿವಿಯೂ 50ರದು, ಸೆಕೆಂಡಿಗೆ 25 ಚಿತ್ರ. 24ರ ಸಿನಿಮಾವನ್ನು 25ರಲ್ಲಿ ಓಡಿಸಿಬಿಟ್ಟರೆ ಮುಗಿಯಿತು, ಒಂದೊಂದೂ ಎರಡೆರಡು ಸಲ, ಸಮಸಮ. ಅದಕ್ಕೆ ತೆತ್ತ ಬೆಲೆ ಬೇರೆ: ಸಿನಿಮಾ ಶೇ. 4ರಷ್ಟು ವೇಗವಾಗುತ್ತದೆ, ಎರಡೂವರೆ ಗಂಟೆಯದು 144 ನಿಮಿಷಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಏರುತ್ತದೆ. ಹಾರ್ಮೋನಿಯಂ ಹಿಡಿದು ಟಿವಿ ಜೊತೆ ಹಾಡಲು ಕೂತವರಿಗೆ ಮಾತ್ರ ಈ ಫಜೀತಿ ಗೊತ್ತು. ಇವತ್ತಿಗೂ ಸೆಟ್ ಟಾಪ್ ಬಾಕ್ಸ್‌ನಲ್ಲಿ ಬರುವುದು 50ರ ಲೆಕ್ಕವೇ. 24ರ ಗೊಂದಲ ಶುರುವಾಗಿದ್ದು ನೆಟ್‌ನಲ್ಲಿ ಸಿನಿಮಾ ಬರತೊಡಗಿದ ಮೇಲೆ.

ಅದಕ್ಕೇ ಹೇಳುತ್ತಿದ್ದೇನೆ, ಟಿವಿಗೆ ಸಿಕ್ಕಿಸುವ ಸ್ಟಿಕ್ಕಿನ ಸೆಟ್ಟಿಂಗ್ ನೋಡು. ಎಷ್ಟೋ ಮನೆಯಲ್ಲಿ 120ರ ಟಿವಿ ತಂದು, ಸ್ಟಿಕ್ಕನ್ನು 60ಕ್ಕೆ ಕಟ್ಟಿಹಾಕಿ ಕೂತಿರುತ್ತಾರೆ. ಸ್ಟಿಕ್ಕು ಮೂರು-ಎರಡರ ಕುಂಟನ್ನು ತಾನೇ ಮಾಡಿ ಕಳಿಸಿದರೆ ಟಿವಿ ಅದನ್ನು ಬಿಡಿಸಿ ಸರಿಪಡಿಸಬೇಕು. ಎಲ್ಲ ಟಿವಿಗೂ ಅದು ಬರುವುದಿಲ್ಲ. ಫೈರ್ ಟಿವಿ ಸ್ಟಿಕ್‌ನಲ್ಲಿ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್' ಎಂದಿದೆ, ಆಪಲ್ ಟಿವಿಯಲ್ಲಿ 'ಮ್ಯಾಚ್ ಫ್ರೇಮ್ ರೇಟ್'. ಆನ್ ಮಾಡು. ಸಿನಿಮಾ ಶುರುವಾಗುವಾಗ ಪರದೆ ಕ್ಷಣ ಹೊತ್ತು ಕಪ್ಪಾಗುತ್ತದೆ, ಗಾಬರಿಯಾಗಬೇಡ. ಪೈಸೆ ಖರ್ಚಿಲ್ಲದ ಈ ಕೆಲಸವನ್ನು ಬಿಟ್ಟು ಜನ ಇಪ್ಪತ್ತು ಮೂವತ್ತು ಸಾವಿರ ಹೆಚ್ಚು ಕೊಡಲು ಹೊರಡುತ್ತಾರೆ.

ಬಾಕ್ಸಿನ ಮೇಲಿನ ನಂಬರಿನ ವಿಷಯ. ಅಲ್ಲಿ 'ಮೋಷನ್ ರೇಟ್ 120', 'ಮೋಷನ್ 240' ಎಂದೆಲ್ಲ ಬರೆದಿರುತ್ತಾರೆ. ಅದು ಪರದೆಯ ಹರ್ಟ್ಸ್ ಅಲ್ಲ. 60ರ ಪರದೆಗೆ 120 ಎಂದೂ 120ರದಕ್ಕೆ 240 ಎಂದೂ ಹೆಸರಿಡುವುದು ಈ ವ್ಯಾಪಾರದಲ್ಲಿ ಮಾಮೂಲು. ನೀನು ಕೇಳಬೇಕಾದದ್ದು 'ನೇಟಿವ್ ರಿಫ್ರೆಶ್ ರೇಟ್ ಎಷ್ಟು' ಎಂದು. ಇನ್ನೊಂದು ಹೊಸ ಚಮತ್ಕಾರ ಬಂದಿದೆ, ಡಿಎಲ್‌ಜಿ ಎನ್ನುತ್ತಾರೆ. 60ರ ಪರದೆಯಲ್ಲಿ ಎರಡೆರಡು ಅಡ್ಡಗೆರೆಗಳನ್ನು ಒಟ್ಟಿಗೆ ಬಿಡಿಸಿ 120 ಮಾಡುವುದು. ವೇಗ ಬರುತ್ತದೆ, ಮೇಲಿಂದ ಕೆಳಗಿನ ಸ್ಪಷ್ಟತೆ ಅರ್ಧವಾಗುತ್ತದೆ. ವಿಡಿಯೊ ಗೇಮ್ ಆಡುವವರಿಗೆ ಸರಿ, ನಿನಗೆ ಅದರಿಂದ ಏನೂ ಇಲ್ಲ. 43 ಇಂಚಿನವರೆಗಿನ ಟಿವಿಗಳು ಬಹುಪಾಲು 60ರವೇ.

ಅಂಗಡಿಯಲ್ಲಿ ಕಣ್ಣು ಕುಕ್ಕುವ ಹಾಗೆ ಎಲ್ಲವೂ ನುಣ್ಣಗೆ ಓಡುತ್ತಿತ್ತಲ್ಲ ದೊಡ್ಡಪ್ಪ ಎನ್ನುತ್ತೀಯ. ಓಡುತ್ತಿತ್ತು. ಅದೇ ನಾನು ಮೊದಲಿಗೆ ಹೇಳಿದ ಬೇರೆ ವ್ಯವಹಾರ. ಟಿವಿ ಒಂದನೆಯ ಫ್ರೇಮನ್ನೂ ಎರಡನೆಯದನ್ನೂ ಹೋಲಿಸಿ, ಕಾರು ಇಲ್ಲಿಂದ ಅಲ್ಲಿಗೆ ಹೋಗಿದೆ, ನಡುವೆ ಇಲ್ಲೆಲ್ಲೋ ಇದ್ದಿರಬೇಕು ಎಂದು ಊಹಿಸಿ, ಆ ನಡುವಿನ ಚಿತ್ರಗಳನ್ನು ತಾನೇ ಬಿಡಿಸಿ ಸೇರಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದು 'ಪಿಕ್ಚರ್ ಕ್ಲಾರಿಟಿ', ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ', ಇನ್ನು ಕೆಲವರಲ್ಲಿ 'ಎಂಇಎಂಸಿ'. ಹೆಸರು ಹಲವು, ಕೆಲಸ ಒಂದೇ. ಮಸುಕು ಕಡಿಮೆಯಾಗುವುದು ಸುಳ್ಳಲ್ಲ. ಚಿತ್ರ ಒಂದೇ ಜಾಗದಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ, ಕಣ್ಣಿನೊಳಗಿನ ಬಳಿತವೂ ಕಡಿಮೆಯಾಗುತ್ತದೆ. ಆದರೆ ಸಿನಿಮಾ ಸೀರಿಯಲ್ ಥರ ಕಾಣತೊಡಗುತ್ತದೆ. ಸೀರಿಯಲ್‌ಗಳನ್ನು ಸೆಕೆಂಡಿಗೆ 50 ನೋಟಗಳ ವಿಡಿಯೊದಲ್ಲಿ ತೆಗೆಯುತ್ತಿದ್ದರಿಂದ ಆ ನುಣುಪನ್ನು ಕಂಡ ಕೂಡಲೇ ನಮ್ಮ ಮನಸ್ಸು ಇದು ಸ್ಟುಡಿಯೊ ಸೆಟ್ಟು, ಇದು ಮೇಕಪ್ಪು ಎಂದು ಗುರುತು ಹಿಡಿದುಬಿಡುತ್ತದೆ.

ಊಹೆ ಎಲ್ಲಿ ತಪ್ಪುತ್ತದೆ ಎಂದು ನೋಡಬೇಕಾದರೆ 2022ರ 'ಕಾಂತಾರ'ದ ಕಂಬಳ ಹಾಕು. ಈ ಸೆಟ್ಟಿಂಗನ್ನು ಪೂರ್ತಿ ಏರಿಸಿ ಒಮ್ಮೆ, ಆರಿಸಿ ಒಮ್ಮೆ ನೋಡು. ಕೋಣಗಳ ಮೈ ದೊಡ್ಡದು, ಅದನ್ನು ಟಿವಿ ಹೇಗೋ ಹಿಂಬಾಲಿಸುತ್ತದೆ. ಗೊರಸಿನಿಂದ ಎದ್ದ ಕೆಸರು ನೀರು? ಒಂದು ಹನಿ ಮುಂದಿನ ಫ್ರೇಮಿನಲ್ಲಿ ಎರಡಾಗಿರುತ್ತದೆ, ಇನ್ನೊಂದು ಇರುವುದೇ ಇಲ್ಲ. ಯಾವ ಹನಿ ಎಲ್ಲಿಗೆ ಹೋಯಿತೆಂದು ಟಿವಿ ಹೇಗೆ ಹೇಳೀತು? ಅಲ್ಲಿ ನೀರು ಅಂಟಂಟಾಗಿ ತೇಲುತ್ತದೆ, ಓಡುವವನ ಕಾಲಿನ ಸುತ್ತ ಹಿನ್ನೆಲೆ ಹರಿದು ಮತ್ತೆ ಕೂಡುತ್ತದೆ. ತನಗೆ ತೀರಾ ಗೊಂದಲವಾದಾಗ ಟಿವಿ ಊಹಿಸುವುದನ್ನೇ ಬಿಟ್ಟು 24ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದು ಗಳಿಗೆ ಎಣ್ಣೆ ಸುರಿದ ನುಣುಪು, ಮರುಗಳಿಗೆ ದಡಬಡ. ನನ್ನ ಕಣ್ಣಿಗೆ ಮಸುಕಿಗಿಂತ ಇದು ಕೆಟ್ಟದ್ದು. ಮಸುಕು ಯಾವಾಗಲೂ ಒಂದೇ ಥರ ಇರುತ್ತದೆ, ಇದನ್ನು ನಂಬುವ ಹಾಗಿಲ್ಲ.

ನಾನೊಬ್ಬನೇ ಹಳೆಯ ಕಾಲದ ಹಠಮಾರಿ ಎಂದುಕೊಳ್ಳಬೇಡ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟಫರ್ ಮೆಕ್ವಾರಿ ಇಬ್ಬರೂ ನಿಂತು, ದಯವಿಟ್ಟು ಇದನ್ನು ಆಫ್ ಮಾಡಿ ನಮ್ಮ ಸಿನಿಮಾ ನೋಡಿ ಎಂದು ವಿಡಿಯೊ ಮಾಡಿ ಹಾಕಿದರು. ಮಾರನೆಯ ವರ್ಷ ಟಿವಿ ಕಂಪನಿಗಳು, ಸ್ಟುಡಿಯೊಗಳು ಸೇರಿದ ಯುಎಚ್‌ಡಿ ಅಲಯನ್ಸ್ 'ಫಿಲ್ಮ್‌ಮೇಕರ್ ಮೋಡ್' ತಂದಿತು. ಮಾರ್ಟಿನ್ ಸ್ಕೋರ್ಸೆಸೆ, ಕ್ರಿಸ್ಟಫರ್ ನೋಲನ್ ಅದರ ಬೆನ್ನಿಗೆ ನಿಂತರು. ಆ ಮೋಡ್ ಹಾಕಿದರೆ ಟಿವಿಯ ಈ ಊಹೆಯ ಕಾರುಬಾರೆಲ್ಲ ಒಂದೇ ಸಲಕ್ಕೆ ಬಂದ್. ಎದುರು ಪಕ್ಷದವರೂ ಇದ್ದಾರೆ. ಪೀಟರ್ ಜಾಕ್ಸನ್ 2012ರಲ್ಲಿ 'ದಿ ಹಾಬಿಟ್' ಸರಣಿಯ ಮೊದಲ ಚಿತ್ರವನ್ನು 48 ಫ್ರೇಮಿನಲ್ಲೇ ತೆಗೆದ. ಆಂಗ್ ಲೀ 2016ರಲ್ಲಿ 'ಬಿಲ್ಲಿ ಲಿನ್ಸ್ ಲಾಂಗ್ ಹಾಫ್‌ಟೈಮ್ ವಾಕ್' ಚಿತ್ರವನ್ನು 120ರಲ್ಲಿ ತೆಗೆದ. ಅವು ಟಿವಿಯ ಊಹೆಯಲ್ಲ, ಕ್ಯಾಮೆರಾವೇ ಕಂಡ ಚಿತ್ರಗಳು, ಮಸುಕು ನಿಜಕ್ಕೂ ಕಡಿಮೆ. ಆದರೂ ಗವಿಯೂ ಗಡ್ಡವೂ ಸೆಟ್ಟಿನವು ಎಂದು ಗೊತ್ತಾಗುತ್ತದೆ ಎಂದು ಜನ ಗೊಣಗಿದರು. ಜೇಮ್ಸ್ ಕ್ಯಾಮರಾನ್ ಜಾಣ. 2022ರ 'ಅವತಾರ್' ಎರಡನೆಯ ಭಾಗದಲ್ಲಿ ನೀರಿನೊಳಗಿನ ಮತ್ತು ಹಾರಾಟದ ದೃಶ್ಯಗಳಂಥವಕ್ಕೆ 48 ಇಟ್ಟು, ಕೂತು ಮಾತಾಡುವಲ್ಲಿ 24ಕ್ಕೆ ಬಂದ. ಅವರವರ ಸಿನಿಮಾ, ಅವರವರ ಇಷ್ಟ. ನನ್ನ ತಕರಾರು ಇಷ್ಟೇ: ತೆಗೆದವರು 24ರಲ್ಲಿ ತೆಗೆದಿದ್ದನ್ನು ನಮ್ಮ ಮನೆಯ ಟಿವಿ ಕೇಳದೆ ತಿದ್ದಬಾರದು.

ಹಾಗೆಂದು ನಾನು ಮಡಿವಂತನೂ ಅಲ್ಲ. ಓಎಲ್‌ಇಡಿ ತಂದರೆ ನಿನಗೆ ಇನ್ನೊಂದು ಆಶ್ಚರ್ಯ ಕಾದಿದೆ. ಅದರ ಚುಕ್ಕೆಗಳು ಕ್ಷಣಾರ್ಧದಲ್ಲಿ ಬದಲಾಗುತ್ತವೆ, ಎಲ್‌ಸಿಡಿಯ ಹಾಗೆ ಒಂದು ಚಿತ್ರ ಇನ್ನೊಂದರೊಳಕ್ಕೆ ಕರಗುವುದಿಲ್ಲ. ಹಾಗಾಗಿ 24ರ ಜಿಗಿತ ಅದರಲ್ಲಿ ಇನ್ನಷ್ಟು ಬಿರುಸಾಗಿ ಕಾಣುತ್ತದೆ. ದುಬಾರಿ ಟಿವಿಯಲ್ಲಿ ಜರ್ಕ್ ಹೆಚ್ಚು ಎಂದು ರಿಪೇರಿಯವನನ್ನು ಕರೆಸಿದವರನ್ನು ನೋಡಿದ್ದೇನೆ. ಅಂಥಲ್ಲಿ ಈ ನುಣುಪಿನ ಸೆಟ್ಟಿಂಗನ್ನು ಹತ್ತರಲ್ಲಿ ಎರಡಕ್ಕೋ ಮೂರಕ್ಕೋ ಇಟ್ಟುಕೊಂಡರೆ ಅಪರಾಧವಲ್ಲ. ಎಲ್‌ಜಿಯಲ್ಲಿ ಇದಕ್ಕೆಂದೇ 'ಸಿನೆಮ್ಯಾಟಿಕ್ ಮೂವ್‌ಮೆಂಟ್' ಎಂಬ ಮೆದು ಆಯ್ಕೆ ಇದೆ. ಅಗ್ಗದ ಎಲ್‌ಸಿಡಿಯ ರೋಗ ಇದಕ್ಕೆ ತಿರುಗುಮುರುಗು. ಕತ್ತಲೆಯ ಸೀನಿನಲ್ಲಿ ಕಪ್ಪು ಕೂದಲಿನ ಹಿಂದೆ ಕರಿ ನೆರಳು ಎಳೆದುಕೊಂಡು ಹೋಗುತ್ತದೆ. ಅದು ಚುಕ್ಕೆಗಳ ಸೋಮಾರಿತನ, ಯಾವ ಹರ್ಟ್ಸ್‌ನಿಂದಲೂ ವಾಸಿಯಾಗುವುದಿಲ್ಲ. ಇನ್ನು ಫ್ರೇಮುಗಳ ನಡುವೆ ಕಪ್ಪು ಸೇರಿಸುವ ಸೆಟ್ಟಿಂಗ್ ಒಂದಿರುತ್ತದೆ, ನಮ್ಮ ಹಳೆಯ ಶಟರ್‌ನ ಮೊಮ್ಮಗ. ಬೆಳಕು ತೀರಾ ತಗ್ಗುತ್ತದೆ, ಒಂದೇ ಫ್ರೇಮು ಹಲವು ಸಲ ಮಿಂಚುವುದರಿಂದ 24ರ ಸಿನಿಮಾದಲ್ಲಿ ಅಂಚುಗಳು ಎರಡು ಮೂರಾಗಿ ಕಾಣುತ್ತವೆ. ಸಿನಿಮಾಕ್ಕೆ ಅದು ಬೇಡ.

ಜರ್ಕಿನ ಬಗ್ಗೆ ತಲೆ ಕೆಡಿಸಿಕೊಂಡವರು ಬೆಳಕಿನ ಬಗ್ಗೆ ಯೋಚಿಸುವುದೇ ಇಲ್ಲ. ಥಿಯೇಟರಿನ ಪರದೆಯ ಬಿಳಿಗೆ ನಿಗದಿಯಾದ ಬೆಳಕು 48 ನಿಟ್ ಮಾತ್ರ. ಈಗಿನ ಒಳ್ಳೆಯ ಟಿವಿ 1,000 ನಿಟ್ ದಾಟುತ್ತದೆ. ಬೆಳಕು ಹೆಚ್ಚಿದಷ್ಟೂ ಕಣ್ಣು ಚುರುಕಾಗಿ ಒಂದೊಂದು ಜಿಗಿತವನ್ನೂ ಎಣಿಸುತ್ತದೆ. ಅದೇ ಸಿನಿಮಾ ಥಿಯೇಟರಿನಲ್ಲಿ ಹಿತವಾಗಿದ್ದು ಮನೆಯಲ್ಲಿ ಕುಪ್ಪಳಿಸುವುದಕ್ಕೆ ಅರ್ಧ ಕಾರಣ ಇದು. ರಾತ್ರಿ ಲೈಟ್ ಆರಿಸಿ, ವಿವಿಡ್ ಬಿಟ್ಟು ಸಿನಿಮಾ ಮೋಡಿಗೆ ಹಾಕಿ, ಬೆಳಕು ತಗ್ಗಿಸಿ ನೋಡು. ಮೊದಲ ಹತ್ತು ನಿಮಿಷ ಚಿತ್ರ ಮಂಕು, ಹಳದಿ ಅನ್ನಿಸುತ್ತದೆ. ಆಮೇಲೆ ಕಣ್ಣು ಹೊಂದಿಕೊಳ್ಳುತ್ತದೆ, ಜರ್ಕೂ ತಗ್ಗಿರುತ್ತದೆ.

ಅಳಿಯಂದಿರ ಕ್ರಿಕೆಟ್ ಮರೆತಿಲ್ಲ. ಅದು ಸೆಕೆಂಡಿಗೆ 50 ನೋಟ, ಮೊದಲೇ ಸಿನಿಮಾದ ಎರಡರಷ್ಟು. ಆಗ ಲೆಕ್ಕ ಹಾಕಿದೆನಲ್ಲ, ಅದೇ ವೇಗಕ್ಕೆ ಇಲ್ಲಿ ಅರ್ಧ ಇಂಚಿನ ಮಸುಕು. 120ರ ಪರದೆಯಲ್ಲಿ ನುಣುಪಿನ ಸೆಟ್ಟಿಂಗ್ ಹಾಕಿದರೆ ಅದು ಕಾಲು ಇಂಚಿಗೆ ಇಳಿಯುತ್ತದೆ. ಬೌಂಡರಿಗೆ ಓಡುವ ಚೆಂಡಿನ ಹಿಂದೆ ಕ್ಯಾಮೆರಾ ತಿರುಗುವಾಗ ಹುಲ್ಲು, ಜನ ಸ್ಪಷ್ಟವಾಗಿ ಕಾಣುತ್ತಾರೆ. ಆಟಕ್ಕೆ ಈ ನುಣುಪು ಒಪ್ಪುತ್ತದೆ, ಅಲ್ಲಿ ಸೀರಿಯಲ್ ಥರ ಕಂಡರೆ ಯಾರ ಗಂಟೇನೂ ಹೋಗುವುದಿಲ್ಲ. ಅವರಿಗೆ ಪ್ಲೇಸ್ಟೇಷನ್ 5ರ ಹುಚ್ಚೂ ಇದ್ದರೆ ನಿಜವಾದ 120 ಬೇಕೇ ಬೇಕು. ಆಟದ ಯಂತ್ರ ತಾನೇ 120 ಹೊಸ ಚಿತ್ರ ಬಿಡಿಸಿ ಕಳಿಸಬಲ್ಲದು. ಆಗ ಎಚ್‌ಡಿಎಂಐ 2.1 ಇದೆಯೇ ಎಂದೂ ಕೇಳು. ಬರೀ ಸಿನಿಮಾಕ್ಕೆ ಅದರ ಅಗತ್ಯವಿಲ್ಲ.

ನೀನು 43 ಇಂಚಿಗೆ ನಿಲ್ಲುವುದಾದರೆ 60 ತಗೊಂಡು ಉಳಿದ ದುಡ್ಡಿಗೆ ಒಳ್ಳೆಯ ಸ್ಪೀಕರ್ ತಾ. 55ರ ಮೇಲೆ ಹೋಗಿ, ಏಳೆಂಟು ಅಡಿಯಲ್ಲೇ ಸೋಫಾ ಹಾಕುವುದಾದರೆ ನೇಟಿವ್ 120 ತಗೋ. ಹತ್ತಿರ ಕೂತಷ್ಟೂ ಕುಂಟು ದೊಡ್ಡದಾಗಿ ಕಾಣುತ್ತದೆ. ಅಂಗಡಿಯಲ್ಲಿ ಅವರು ಹಾಕುವ ಹೂವು, ಹಕ್ಕಿ, ಹನಿಯ ಡೆಮೊ ನೋಡಿ ತೀರ್ಮಾನಿಸಬೇಡ. ಅದರಲ್ಲಿ ಎಲ್ಲವೂ ನಿಧಾನವಾಗಿ ಚಲಿಸುತ್ತವೆ. ನೆಟ್ ಹಾಕಿಸಿ ನಿನಗೆ ಗೊತ್ತಿರುವ ಒಂದು ಸಿನಿಮಾದ ಕೊನೆಗೆ ಹೋಗು, ಹೆಸರುಗಳು ಏರುವುದನ್ನು ಒಂದು ನಿಮಿಷ ನೋಡು. ರಿಮೋಟ್ ಕೇಳಿ ಪಡೆದು ನುಣುಪಿನ ಸೆಟ್ಟಿಂಗ್ ಆರಿಸಿ ಮತ್ತೆ ನೋಡು. ಮನೆಯಲ್ಲಿ ಫೈಟ್ ಸೀನ್ ನಿಲ್ಲಿಸಿದಾಗ ಹೊಗೆಯ ಪಟ್ಟೆಯ ಬದಲು ಚೌಕ ಚೌಕ ತುಂಡುಗಳು ಕಂಡರೆ ಅದು ಟಿವಿಯ ದೋಷವಲ್ಲ, ನೆಟ್ ಸಾಲುತ್ತಿಲ್ಲ ಎಂದು ತಿಳಿ.

ಟಿವಿ ಹಾಕಲು ಬಂದ ಹುಡುಗ ವಿವಿಡ್‌ನಲ್ಲಿ ಬಿಟ್ಟು ಹೋಗುತ್ತಾನೆ, ಅವನು ಹೋದ ಮೇಲೆ ಫಿಲ್ಮ್‌ಮೇಕರ್ ಮೋಡಿಗೋ ಸಿನಿಮಾ ಮೋಡಿಗೋ ಬದಲಿಸು. ಡಾಲ್ಬಿ ವಿಷನ್ ಚಿತ್ರಗಳಿಗೆ ಸೆಟ್ಟಿಂಗ್ ಬೇರೆಯೇ ಇರುತ್ತದೆ, ಅದನ್ನು ಅಂಥ ಚಿತ್ರ ಓಡುತ್ತಿರುವಾಗಲೇ ಬದಲಿಸಬೇಕು. ಬಹಳಷ್ಟು ಟಿವಿಗಳಲ್ಲಿ ಒಂದು ಇನ್‌ಪುಟ್‌ಗೆ ಮಾಡಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಸ್ಟಿಕ್ಕು ಇರುವ ಕಡೆ ಒಮ್ಮೆ, ಟಿವಿಯೊಳಗಿನ ಆಪ್‌ಗಳಲ್ಲಿ ಒಮ್ಮೆ ಬೇರೆ ಬೇರೆಯಾಗಿ ಮಾಡಬೇಕು. ಸೆಟ್ ಟಾಪ್ ಬಾಕ್ಸ್ ಇರುವ ಇನ್‌ಪುಟ್ ಮಾತ್ರ ಮುಟ್ಟಬೇಡ. ಅದರಲ್ಲಿ ನಿಮ್ಮತ್ತೆಯವರು ಸಂಜೆ ಸೀರಿಯಲ್ ನೋಡುತ್ತಾರೆ, ಅದು ಸೀರಿಯಲ್ ಥರವೇ ಕಾಣಲಿ.